ಆದೇಶ ಕೈಗೆ ಬಂದ ಮೇಲಿನ ಎರಡು ವರ್ಷ

ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಆರನೇ ನಿಲ್ದಾಣ ವಿಧಾನಸೌಧ. ಕಾಲು ಗಂಟೆಯ ಹಾದಿ. ಅದೇ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್, ಹಂಪಿನಗರಗಳ ಪಿಜಿಗಳಲ್ಲಿ ಉಳಿದುಕೊಂಡು ಸರ್ಕಾರಿ ಕಚೇರಿಯ ಒಂದು ಕುರ್ಚಿಗಾಗಿ ಓದುತ್ತಿರುವ ಸಾವಿರಾರು ಹುಡುಗ ಹುಡುಗಿಯರಿಗೆ ಈ ಹಾದಿ ಸವೆಸಲು ನಾಲ್ಕೈದು ವರ್ಷ ಬೇಕಾಗುತ್ತದೆ. ಬಹುಪಾಲು ಜನರಿಗೆ ಅದು ಮುಗಿಯುವುದೇ ಇಲ್ಲ.

ಈ ಹಾದಿಯ ಮೊದಲರ್ಧದ ಬಗ್ಗೆ ನಾಡಿನಲ್ಲಿ ಬೇಕಾದಷ್ಟು ಮಾತಾಗಿದೆ. ಪ್ರಶ್ನೆಪತ್ರಿಕೆ ಸೋರಿಕೆ, ಅಧಿಸೂಚನೆಯ ವಿಳಂಬ, ಆಯ್ಕೆಪಟ್ಟಿಯ ಮೇಲಿನ ವ್ಯಾಜ್ಯ, ಕೆಟ್ಟ ಅನುವಾದ, ಎಲ್ಲವೂ ಸದನದಲ್ಲೂ ಬೀದಿಯಲ್ಲೂ ಚರ್ಚೆಯಾಗಿವೆ, ಆಗಬೇಕಾದದ್ದೇ. ನೇಮಕಾತಿ ಆದೇಶ ಹಿಡಿದು ಕಚೇರಿಗೆ ಹೋಗಿ, ಮೊದಲ ಕಡತ ಬಿಚ್ಚಿದ ದಿನದಿಂದ ಪ್ರೊಬೇಷನ್ ಮುಗಿಯುವವರೆಗಿನ ಎರಡು ವರ್ಷದ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತುವುದಿಲ್ಲ. ಇಡೀ ನೇಮಕಾತಿಯ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾದದ್ದು ಇದೇ ಎಂದು ನನಗೆ ಅನ್ನಿಸುತ್ತದೆ. ಒಬ್ಬ ಗುಮಾಸ್ತನನ್ನು ಆರಿಸಲು ವರ್ಷಗಟ್ಟಲೆ ತೆಗೆದುಕೊಳ್ಳುವ ಸರ್ಕಾರ, ಅವನಿಗೆ ಕೆಲಸ ಕಲಿಸಲು ಕೆಲವು ವಾರ ಕೊಡುವುದಕ್ಕೂ ಹಿಂದೆಮುಂದೆ ನೋಡುತ್ತದೆ. ಆದರೆ ಮೊದಲರ್ಧವನ್ನು ನೋಡದೆ ಉತ್ತರಾರ್ಧ ಅರ್ಥವಾಗುವುದಿಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಆಡಳಿತದ ಕೆಳಹಂತದ ಕೆಲಸ ಎಂದರೆ ನಮ್ಮಲ್ಲಿ ಮುಖ್ಯವಾಗಿ ಎಸ್‌ಡಿಎ ಮತ್ತು ಎಫ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕರು ಮತ್ತು ಪ್ರಥಮ ದರ್ಜೆ ಸಹಾಯಕರು. ಎಸ್‌ಡಿಎಗೆ ಪಿಯುಸಿ ಸಾಕು, ಎಫ್‌ಡಿಎಗೆ ಪದವಿ ಬೇಕು. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಎಸ್‌ಡಿಎ ವೇತನಶ್ರೇಣಿ 34,100ರಿಂದ 67,600 ರೂಪಾಯಿ, ಎಫ್‌ಡಿಎಯದು 44,425ರಿಂದ 83,700 ರೂಪಾಯಿ. ಇದರ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ. ಎಂಜಿನಿಯರಿಂಗ್ ಮುಗಿಸಿದವರೂ ಎಸ್‌ಡಿಎ ಪರೀಕ್ಷೆಗೆ ಕೂರುತ್ತಾರೆ ಎಂದು ಮೂಗುಮುರಿಯುವವರು ಈ ಅಂಕಿಗಳನ್ನು ನೋಡಬೇಕು. ಖಾಸಗಿ ಕಂಪನಿಯಲ್ಲಿ ಇಪ್ಪತ್ತು ಸಾವಿರಕ್ಕೆ ದುಡಿದು ಯಾವ ತಿಂಗಳು ಹೊರಹಾಕುತ್ತಾರೋ ಎಂದು ಹೆದರಿಕೊಂಡಿರುವ ಹುಡುಗನಿಗೆ ಇದು ಬದುಕು ಕಟ್ಟಿಕೊಳ್ಳುವ ಸಂಬಳ.

ಪಶ್ಚಿಮ ಬೆಂಗಳೂರಿಗೂ ಗುಮಾಸ್ತರಿಗೂ ಹಳೆಯ ನಂಟು. 1949ರಲ್ಲಿ ಕೈಗಾರಿಕಾ ಉಪನಗರವಾಗಿ ಶಂಕುಸ್ಥಾಪನೆಯಾದ ರಾಜಾಜಿನಗರ ಕಾರ್ಮಿಕರ ಬಡಾವಣೆಯಾಗಿ ಬೆಳೆಯಿತು. ಅದರ ಪಕ್ಕದ ಕಮಲಾನಗರ, ಬಸವೇಶ್ವರನಗರಗಳ ಕಡೆ ನೌಕರದಾರರು ಬಂದು ನೆಲೆಸಿದರು. ಅಲ್ಲಿರುವ ಎನ್‌ಜಿಒಸ್ ಕಾಲೋನಿಯ ಹೆಸರು ಗೆಜೆಟೆಡ್ ಅಲ್ಲದ ನೌಕರರದು. ಬಸವೇಶ್ವರನಗರದ ಕೆಎಚ್‌ಬಿ ಕಾಲೋನಿ ಗೃಹ ಮಂಡಳಿಯ ಹೆಸರಿನದು. ‘ಮೈಸೂರು ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿ ಗುಮಾಸ್ತಿಕೆ ಮಾಡುತ್ತ ಊರೂರು ಸುತ್ತಿ 1970ರಲ್ಲಿ ನಿವೃತ್ತರಾದದ್ದು ಇದೇ ಗೃಹ ಮಂಡಳಿಯಿಂದ. ಸಾಲ ಮಾಡಿ ನಿವೇಶನ ಕೊಂಡು, ಒಂದು ರೂಮು ಒಂದು ಅಡುಗೆಮನೆ ಕಟ್ಟಿಸಿ, ಆಮೇಲೆ ಮೇಲೊಂದು ಮನೆ ಎಬ್ಬಿಸಿದ ನೌಕರರ ಬೀದಿಗಳು ಇವು. ಆ ಮೇಲಿನ ಮನೆಗಳಲ್ಲಿ ಈಗ ಮಂಚಕ್ಕಿಷ್ಟು ಎಂದು ಬಾಡಿಗೆ ಕೊಟ್ಟು ಉಳಿದಿರುವವರು ರಾಯಚೂರು, ವಿಜಯಪುರ, ಹಾವೇರಿ, ಚಾಮರಾಜನಗರದ ಕಡೆಯಿಂದ ಓದಲು ಬಂದ ಮಕ್ಕಳು.

ಹಂಪಿನಗರದಲ್ಲಿರುವ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ನೋಡಬೇಕು. ಪತ್ರಿಕೆ ಓದಲು ಬರುವ ಹಿರಿಯರು ಒಂದು ಮೂಲೆಯಲ್ಲಿದ್ದರೆ, ಉಳಿದ ಮೇಜುಗಳೆಲ್ಲ ಪರೀಕ್ಷಾರ್ಥಿಗಳವು. ಬ್ಯಾಗು ಇಟ್ಟು ಜಾಗ ಹಿಡಿದಿರುತ್ತಾರೆ. ಮಾನಸಿಕ ಸಾಮರ್ಥ್ಯದ ಲೆಕ್ಕ, ಸಂವಿಧಾನದ ವಿಧಿಗಳು, ಸಂಧಿ ಸಮಾಸ, ಕರ್ನಾಟಕದ ಇತಿಹಾಸ, ಎಲ್ಲವೂ ಬಣ್ಣಬಣ್ಣದ ಪೆನ್ನಿನಲ್ಲಿ ಗೆರೆ ಎಳೆಸಿಕೊಂಡಿರುತ್ತವೆ. ಸುತ್ತಲಿನ ಜೆರಾಕ್ಸ್ ಅಂಗಡಿಗಳು ನಡೆಯುವುದೇ ನೋಟ್ಸಿನ ಮೇಲೆ, ಓಎಂಆರ್ ಹಾಳೆಯ ಕಟ್ಟುಗಳ ಮೇಲೆ. ಊಟದ ಬಿಡುವಿನಲ್ಲಿ ಕೇಳಿಬರುವ ಮಾತು ಮೂರೇ: ಕೀ ಆನ್ಸರ್ ಬಂತಾ, ಕಟ್‌ಆಫ್ ಎಷ್ಟಕ್ಕೆ ನಿಲ್ಲಬಹುದು, ಮುಂದಿನ ನೋಟಿಫಿಕೇಶನ್ ಯಾವಾಗಂತೆ.

ಇಷ್ಟು ಜನ ಈ ಪರೀಕ್ಷೆಯ ಮೇಲೇ ಯಾಕೆ ನಂಬಿಕೆ ಇಟ್ಟಿದ್ದಾರೆ ಎಂದು ಕೇಳಿದರೆ ಸಂಬಳದ ಜೊತೆಗೆ ಇನ್ನೊಂದು ಉತ್ತರವಿದೆ. ಎಫ್‌ಡಿಎ, ಎಸ್‌ಡಿಎ ನೇಮಕಕ್ಕೆ ಸಂದರ್ಶನವಿಲ್ಲ. ನಿನ್ನಪ್ಪ ಏನು ಮಾಡುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ತಡವರಿಸಿದರೆ ಅಂಕ ಹೋಗುವುದಿಲ್ಲ. ಬರೆದದ್ದಕ್ಕೆ ಅಂಕ, ಅಂಕಕ್ಕೆ ತಕ್ಕ ಜಾಗ. ಯಾರನ್ನೂ ಹಿಡಿಯದೆ ಒಳಗೆ ಹೋಗಬಹುದಾದ ಬಾಗಿಲು ಈ ನಾಡಿನಲ್ಲಿ ಬಡವರ ಮಕ್ಕಳಿಗೆ ಎಷ್ಟಿವೆ? ಸೋರಿಕೆಯ ಸುದ್ದಿ ಬಂದಾಗಲೆಲ್ಲ ಇವರಿಗೆ ಆಗುವ ನೋವಿನ ಆಳ ಇಲ್ಲಿದೆ.

ಈ ಬಾಗಿಲು ತಾನಾಗಿ ತೆರೆದದ್ದಲ್ಲ. ಮೈಸೂರು ಸಂಸ್ಥಾನದ ಕಚೇರಿಗಳು ಒಂದು ಕಾಲಕ್ಕೆ ಬೆರಳೆಣಿಕೆಯ ಸಮುದಾಯಗಳ ಕೈಯಲ್ಲಿದ್ದವು. ಹಿಂದುಳಿದವರ ಬೇಡಿಕೆಗೆ ಓಗೊಟ್ಟು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗುವಂತಾಗಬೇಕು ಎಂದು ಆ ಸಮಿತಿ ಹೇಳಿತು. ಇದನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕೆಳಗಿನ ಹುದ್ದೆಗಳಿಗೆ ಹೆಚ್ಚಿನ ಪಾಲು ಕೇಳಿದ್ದರಲ್ಲಿ ತಿಳಿವಳಿಕೆಯಿತ್ತು. ಹಳ್ಳಿಯವನು ತಾಲ್ಲೂಕು ಕಚೇರಿಗೆ ಬಂದರೆ ಅವನ ಕಣ್ಣಿಗೆ ಬೀಳುವ ಸರ್ಕಾರ ಎಂದರೆ ಗುಮಾಸ್ತ. ಆ ಕುರ್ಚಿಯಲ್ಲಿ ತನ್ನಂಥವನೊಬ್ಬ ಕೂತಿದ್ದಾನೋ ಇಲ್ಲವೋ ಎಂಬುದರ ಮೇಲೆ ಅವನ ಧೈರ್ಯ ನಿಂತಿರುತ್ತದೆ.

ಕರ್ನಾಟಕ ಲೋಕಸೇವಾ ಆಯೋಗ ಹುಟ್ಟಿದ್ದು 1951ರಲ್ಲಿ. ವಿಧಾನಸೌಧದ ಸಮೀಪದ ಉದ್ಯೋಗ ಸೌಧ ಅದರ ಮನೆ. ಇತ್ತೀಚಿನ ವರ್ಷಗಳಲ್ಲಿ ಸಿ ವೃಂದದ ಹಲವು ಹುದ್ದೆಗಳ, ನಿಗಮ ಮಂಡಳಿಗಳ ಪರೀಕ್ಷೆಯನ್ನು ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೂ ನಡೆಸುತ್ತಿದೆ. 2024ರಲ್ಲಿ ಅದು ಒಂದು ಸಾವಿರ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಅರ್ಜಿ ಕರೆದಾಗ ಬಂದವು ಐದು ಲಕ್ಷಕ್ಕೂ ಹೆಚ್ಚು ಅರ್ಜಿ. ಇತ್ತ ರಾಜ್ಯ ಸರ್ಕಾರದ ಮಂಜೂರಾದ ಸುಮಾರು 7.7 ಲಕ್ಷ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಖಾಲಿ ಇವೆ.

ಅರ್ಜಿ ಹಾಕುವುದೆಂದರೆ ಸೈಬರ್ ಸೆಂಟರಿಗೆ ಹೋಗಿ ಫೋಟೊ ಸಹಿ ಅಪ್‌ಲೋಡ್ ಮಾಡಿ ಬರುವುದು ಎಂದುಕೊಂಡವರು ಬಹಳ. ಅರ್ಜಿಯ ಕೆಲಸ ಇರುವುದು ಪ್ರಮಾಣಪತ್ರಗಳಲ್ಲಿ. ಒಬ್ಬ ಹಳ್ಳಿಯ ಹುಡುಗಿಯ ಅರ್ಜಿಯಲ್ಲಿ ಎಷ್ಟು ಹಕ್ಕುಗಳಿರಬಹುದು ನೋಡಿ. ಅವಳ ಪ್ರವರ್ಗದ ಮೀಸಲಾತಿ ಒಂದು. ಅದರೊಳಗೆ ಮಹಿಳೆಯರಿಗೆ ಶೇಕಡಾ 33. ಒಂದರಿಂದ ಹತ್ತನೇ ತರಗತಿ ಗ್ರಾಮೀಣ ಶಾಲೆಯಲ್ಲಿ ಓದಿದ್ದರೆ ಶೇಕಡಾ 25 ಗ್ರಾಮೀಣ ಮೀಸಲಾತಿ. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇಕಡಾ 5. ಕಲ್ಯಾಣ ಕರ್ನಾಟಕದವಳಾದರೆ ಸಂವಿಧಾನದ 371-ಜೆ ಕಲಮಿನ ಕೆಳಗೆ ಆ ಭಾಗದ ಸಿ ವೃಂದದ ಹುದ್ದೆಗಳಲ್ಲಿ ಶೇಕಡಾ 80 ಸ್ಥಳೀಯರಿಗೆ. ಒಂದೊಂದು ಹಕ್ಕಿಗೂ ಒಂದೊಂದು ನಮೂನೆ, ಒಂದೊಂದು ಕಚೇರಿ. ಜಾತಿ ಮತ್ತು ಆದಾಯ ತಹಶೀಲ್ದಾರರದು: ಪರಿಶಿಷ್ಟರಿಗೆ ನಮೂನೆ ಡಿ, ಪ್ರವರ್ಗ ಒಂದಕ್ಕೆ ಇ, ಉಳಿದ ಹಿಂದುಳಿದ ವರ್ಗಗಳಿಗೆ ಎಫ್. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಕ್ಕೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು. ಮೂರು ಶಾಲೆಯಲ್ಲಿ ಓದಿದ್ದರೆ ಮೂರೂ ಶಾಲೆಗೆ ಅಲೆಯಬೇಕು.

ಇದೆಲ್ಲ ಅರ್ಜಿಯ ಕೊನೆಯ ದಿನದೊಳಗೆ ಕೈಯಲ್ಲಿರಬೇಕು. ಪರೀಕ್ಷೆ ಪಾಸಾದ ಮೇಲೆ ಮಾಡಿಸಿದರಾಯಿತು ಎಂದುಕೊಂಡವರು ದಾಖಲೆ ಪರಿಶೀಲನೆಯ ದಿನ ಮೀಸಲಾತಿ ಕಳೆದುಕೊಂಡು ಸಾಮಾನ್ಯ ಅರ್ಹತೆಗೆ ಜಾರುತ್ತಾರೆ, ಅಲ್ಲಿ ಕಟ್‌ಆಫ್ ಮುಟ್ಟದೆ ಹೊರಬೀಳುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಜಾತಿ ಪತ್ರದಲ್ಲಿ ಅಪ್ಪನ ಹೆಸರು ಪೂರ್ತಿ ಎಂಬಂಥ ವ್ಯತ್ಯಾಸಗಳಿಗೂ ಅಲ್ಲಿ ಉತ್ತರ ಕೊಡಬೇಕಾಗುತ್ತದೆ. ವಿಜಯನಗರದ ಕೋಚಿಂಗ್ ಕೇಂದ್ರಗಳು ಕೈಗಾರಿಕಾ ಕ್ರಾಂತಿಯನ್ನು ಹತ್ತು ಸಲ ಪಾಠ ಮಾಡುತ್ತವೆ. ಪ್ರಮಾಣಪತ್ರದ ಮೇಲೆ ಒಂದು ಗಂಟೆ ಪಾಠ ಮಾಡಿದರೆ ಅದಕ್ಕಿಂತ ಹೆಚ್ಚು ಮಕ್ಕಳು ದಡ ಸೇರಿಯಾರು. ಲೋಕಸೇವಾ ಆಯೋಗದ ಶುಲ್ಕ ಸಾಮಾನ್ಯ ವರ್ಗಕ್ಕೆ 600 ರೂಪಾಯಿ, ಹಿಂದುಳಿದವರಿಗೆ 300, ಪರಿಶಿಷ್ಟರಿಗೆ ಮತ್ತು ಪ್ರವರ್ಗ ಒಂದಕ್ಕೆ ವಿನಾಯಿತಿ. ಅದು ದೊಡ್ಡ ಹೊರೆಯಲ್ಲ. ಊರಿಗೆ ಹೋಗಿಬರುವ ಬಸ್ ಚಾರ್ಜೂ ಕಳೆದುಹೋಗುವ ದಿನಗಳೂ ಹೊರೆ.

ಪರೀಕ್ಷೆಯ ಸ್ವರೂಪ ಸರಳ. ಸಾಮಾನ್ಯ ಜ್ಞಾನ ನೂರು ಅಂಕ, ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷ್ ನೂರು ಅಂಕ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಇದಲ್ಲದೆ 150 ಅಂಕದ ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 50 ತೆಗೆಯಲೇಬೇಕು. ನೆಟ್ಟಗೆ ನಡೆದರೆ ಆರು ತಿಂಗಳಲ್ಲಿ ಮುಗಿಯಬಹುದಾದ ಕೆಲಸ ಇದು.

ನೆಟ್ಟಗೆ ನಡೆದದ್ದು ಕಡಿಮೆ. 2020ರ ಆರಂಭದಲ್ಲಿ ಅಧಿಸೂಚನೆಯಾದ ಎಫ್‌ಡಿಎ ಪರೀಕ್ಷೆ ಕೋವಿಡ್‌ನಿಂದ ಮುಂದಕ್ಕೆ ಹೋಗಿ 2021ರ ಜನವರಿ 24ಕ್ಕೆ ನಿಗದಿಯಾಗಿತ್ತು. ಹಿಂದಿನ ದಿನವೇ ಪ್ರಶ್ನೆಪತ್ರಿಕೆ ಸೋರಿದ್ದನ್ನು ಸಿಸಿಬಿ ಪೊಲೀಸರು ಪತ್ತೆಹಚ್ಚಿದರು. ಆಯೋಗದ ಒಳಗಿನ ಸಿಬ್ಬಂದಿಯೂ ಬಂಧನಕ್ಕೊಳಗಾದರು. ದೂರದ ಕೇಂದ್ರಗಳಿಗೆ ಬಸ್ಸು ಹತ್ತಿದ್ದ ಎಷ್ಟೋ ಮಕ್ಕಳಿಗೆ ಪರೀಕ್ಷೆ ಇಲ್ಲ ಎಂಬ ಸುದ್ದಿ ಮುಟ್ಟಿದ್ದು ದಾರಿಯಲ್ಲಿ. ಪರೀಕ್ಷೆ ನಡೆದದ್ದು ಫೆಬ್ರವರಿ 28ರಂದು. ಅದೇ ವರ್ಷದ ಅಕ್ಟೋಬರಿನ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ ಬಯಲಾಗಿ, ರದ್ದಾಗಿ, ಮರುಪರೀಕ್ಷೆ ಆಗುವಷ್ಟರಲ್ಲಿ 2024ರ ಜನವರಿ ಬಂದಿತ್ತು. 2023ರ ಅಕ್ಟೋಬರಿನಲ್ಲಿ ನಿಗಮ ಮಂಡಳಿಗಳ ಎಫ್‌ಡಿಎ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಯ ಕೇಂದ್ರಗಳಲ್ಲಿ ಬ್ಲೂಟೂತ್ ಸಾಧನ ಸಿಕ್ಕಿಬಿದ್ದವು. ಆ ವರ್ಷವೇ ಬಂದ ಪರೀಕ್ಷಾ ಅಕ್ರಮ ತಡೆ ಕಾಯ್ದೆಯಲ್ಲಿ 10 ಕೋಟಿ ರೂಪಾಯಿವರೆಗೆ ದಂಡ ಹಾಕುವ ಅವಕಾಶವಿದೆ. ಕಾಯ್ದೆ ಬೇಕಿತ್ತು. ಆದರೆ ಒಬ್ಬನ ಮೋಸಕ್ಕೆ ಎಲ್ಲರ ವರ್ಷಗಳು ದಂಡವಾಗಿ ಹೋಗುವುದನ್ನು ಯಾವ ಕಾಯ್ದೆಯೂ ತುಂಬಿಕೊಡಲಾರದು.

2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯದು ಇನ್ನೊಂದು ಬಗೆಯ ಅನ್ಯಾಯ. 384 ಹುದ್ದೆಗಳಿಗಾಗಿ ನಡೆದ ಆ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಇಂಗ್ಲಿಷಿನಿಂದ ಕೆಟ್ಟದಾಗಿ ಅನುವಾದವಾಗಿ, ಕನ್ನಡದಲ್ಲಿ ಓದಿದವರಿಗೇ ಅರ್ಥವಾಗದಂತಿದ್ದವು. ಸರ್ಕಾರ ಮರುಪರೀಕ್ಷೆಗೆ ಆದೇಶಿಸಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ಗೋಳು. ಕನ್ನಡ ಆಡಳಿತ ಭಾಷೆಯಾಗಿ 1963ರ ಕಾಯ್ದೆಯಿಂದ ಲೆಕ್ಕ ಹಾಕಿದರೆ ಅರವತ್ತು ವರ್ಷ ದಾಟಿದೆ. ಆ ಆಡಳಿತಕ್ಕೆ ಜನರನ್ನು ಆರಿಸುವ ಪರೀಕ್ಷೆಯ ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲೇ ಯೋಚಿಸಿ ಬರೆಯುವ ನಾಲ್ಕು ಜನ ಈ ರಾಜ್ಯದಲ್ಲಿ ಸಿಗಲಿಲ್ಲ ಎಂದರೆ ನಾನು ನಂಬುವುದಿಲ್ಲ.

2024ರ ಅಕ್ಟೋಬರಿನಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು ಸಂಪುಟ ನಿರ್ಧರಿಸಿತು. ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ವರದಿ ಬಂದು 2025ರ ಆಗಸ್ಟ್‌ನಲ್ಲಿ ತೀರ್ಮಾನವಾಯಿತು. ಒಳಮೀಸಲಾತಿಯ ಬೇಡಿಕೆ ನ್ಯಾಯವಾದದ್ದು, ದಶಕಗಳಿಂದ ಕಾದಿದ್ದದ್ದು. ಆದರೆ ಈ ಹತ್ತು ತಿಂಗಳ ಬಿಸಿ ತಟ್ಟಿದ್ದು ವಯೋಮಿತಿಯ ಅಂಚಿನಲ್ಲಿದ್ದವರಿಗೆ. ವಿಜಯನಗರದಂತೆಯೇ ಓದುವವರ ಊರಾದ ಧಾರವಾಡದಲ್ಲಿ ಅವರು ಬೀದಿಗಿಳಿದರು. ವಯೋಮಿತಿಯಲ್ಲಿ ಮೂರು ವರ್ಷದ ಸಡಿಲಿಕೆ 2024ರ ಸೆಪ್ಟೆಂಬರಿನಲ್ಲೇ ಸಿಕ್ಕಿತ್ತು. ಅಧಿಸೂಚನೆಯೇ ಇಲ್ಲದಾಗ ಸಡಿಲಿಕೆಯಿಂದ ಏನು ಪ್ರಯೋಜನ ಎಂಬುದು ಅವರ ಪ್ರಶ್ನೆಯಾಗಿತ್ತು.

ಕಾಸರಗೋಡಿನ ಕನ್ನಡಿಗರನ್ನು ಕೇಳಿದರೆ ಇನ್ನೊಂದು ಬಗೆಯ ವ್ಯವಸ್ಥೆ ಕಾಣುತ್ತದೆ. ಕೇರಳದ ಲೋಕಸೇವಾ ಆಯೋಗ ವರ್ಷದ ಪರೀಕ್ಷಾ ವೇಳಾಪಟ್ಟಿಯನ್ನು ಮುಂಚೆಯೇ ಪ್ರಕಟಿಸುತ್ತದೆ. ಎಲ್‌ಡಿ ಕ್ಲರ್ಕ್ ಪರೀಕ್ಷೆಗೆ ಜಿಲ್ಲಾವಾರು ರ‍್ಯಾಂಕ್ ಪಟ್ಟಿ ಇರುತ್ತದೆ. ಪಟ್ಟಿ ಮೂರು ವರ್ಷದವರೆಗೆ ಜೀವಂತವಾಗಿದ್ದು, ಹುದ್ದೆ ಖಾಲಿಯಾದಂತೆಲ್ಲ ಅದರಿಂದಲೇ ಕರೆಯುತ್ತಾರೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡವೂ ಮಲಯಾಳವೂ ಬಲ್ಲ ಕ್ಲರ್ಕುಗಳಿಗೆ ಪ್ರತ್ಯೇಕ ಹುದ್ದೆಗಳಿವೆ. ಅಲ್ಲೂ ಪಟ್ಟಿಯಲ್ಲಿ ಹೆಸರಿದ್ದು ಕೆಲಸ ಸಿಗದವರ ಧರಣಿಗಳು ನಡೆಯುತ್ತವೆ. ಆದರೆ ಯಾವ ತಿಂಗಳು ಪರೀಕ್ಷೆ, ತನ್ನ ಮುಂದೆ ಎಷ್ಟು ಜನ ಇದ್ದಾರೆ ಎಂಬ ಎರಡು ಸಂಗತಿ ಗೊತ್ತಿದ್ದರೆ ಒಬ್ಬ ಮನುಷ್ಯ ತನ್ನ ಬದುಕನ್ನು ಯೋಜಿಸಬಹುದು. ನಮ್ಮ ಮಕ್ಕಳಿಗೆ ಎರಡೂ ಗೊತ್ತಿರುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ತಾತ್ಕಾಲಿಕ ಆಯ್ಕೆಪಟ್ಟಿ, ಆಕ್ಷೇಪಣೆ, ಅಂತಿಮ ಪಟ್ಟಿ, ಇಲಾಖೆ ಹಂಚಿಕೆ, ಪೊಲೀಸರಿಂದ ಪೂರ್ವಾಪರ ವಿಚಾರಣೆ, ಜಿಲ್ಲಾ ಸಮಿತಿಯಿಂದ ಜಾತಿ ಸಿಂಧುತ್ವ, ವೈದ್ಯಕೀಯ ತಪಾಸಣೆ. ಈ ಹೊತ್ತಿನಲ್ಲಿ ಮನೆಯಲ್ಲಿ ಸಿಹಿ ಹಂಚಿಯಾಗಿರುತ್ತದೆ, ಪಿಜಿಯ ಬಾಡಿಗೆ ಮಾತ್ರ ನಿಂತಿರುವುದಿಲ್ಲ. ಕೊನೆಗೊಂದು ದಿನ ನೇಮಕಾತಿ ಆದೇಶ ಬರುತ್ತದೆ.

ಇಲ್ಲಿಂದ ಮುಂದಿನದು ನನ್ನ ಮುಖ್ಯ ಕಾಳಜಿ.

ಹೊಸಬರು ಕಚೇರಿಗೆ ಹೋದ ದಿನ ವರದಿ ಮಾಡಿಕೊಂಡ ಪತ್ರ ಕೊಡುತ್ತಾರೆ. ಹಾಜರಾತಿ ವಹಿಯಲ್ಲಿ ಹೆಸರು ಸೇರುತ್ತದೆ. ಸೇವಾ ಪುಸ್ತಕ ತೆರೆಯಬೇಕು, ಆಸ್ತಿ ಮತ್ತು ಋಣದ ವಿವರ ಸಲ್ಲಿಸಬೇಕು. ವೇತನದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಸೇರಿ, ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನ ಪ್ರಾನ್ ಸಂಖ್ಯೆ ಬಂದು, ಮೈಸೂರು ಅರಸರ ಕಾಲದಿಂದ ನಡೆದುಬಂದಿರುವ ಕೆಜಿಐಡಿ ವಿಮೆ ಆಗಬೇಕು. ಇವೆಲ್ಲ ಮುಗಿದು ಮೊದಲ ಸಂಬಳ ಕೈಗೆ ಬರಲು ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಬೆಂಗಳೂರಿನಲ್ಲಿ ಬಾಡಿಗೆಗಿರುವವರಿಗೆ ಅದು ಸಾಲದ ಕಾಲ.

ಇನ್ನು ಕೆಲಸ. ಒಂದು ಮೇಜು, ಒಂದು ಬೀರು, ಅದರೊಳಗೆ ದಾರ ಕಟ್ಟಿದ ಕಡತಗಳು, ಇ-ಆಫೀಸಿನ ಪಾಸ್‌ವರ್ಡು. ಆ ಸೀಟಿನಲ್ಲಿ ಮೊದಲಿದ್ದವರು ನಿವೃತ್ತರಾಗಿ ವರ್ಷವಾಗಿರುತ್ತದೆ. ಮಧ್ಯೆ ಯಾರೋ ಪ್ರಭಾರದಲ್ಲಿ ನೋಡಿಕೊಂಡಿರುತ್ತಾರೆ. ಪ್ರಭಾರ ಪಟ್ಟಿಯಲ್ಲಿ ಕಡತಗಳ ಸಂಖ್ಯೆ ಇದ್ದರೆ ಪುಣ್ಯ. ಯಾವ ಕಡತ ಎಲ್ಲಿಗೆ ಬಂದು ನಿಂತಿದೆ, ಯಾವುದಕ್ಕೆ ಕೋರ್ಟಿನ ಗಡುವಿದೆ, ಯಾವುದು ಮಾಹಿತಿ ಹಕ್ಕಿನ ಮೇಲ್ಮನವಿಯಲ್ಲಿದೆ ಎಂಬುದು ಬರೆದಿರುವುದಿಲ್ಲ.

ಬಸವೇಶ್ವರನಗರದಲ್ಲಿ ನಮ್ಮ ಮನೆಯ ಹತ್ತಿರ ಬಾಡಿಗೆಗಿದ್ದ ಒಬ್ಬ ಎಸ್‌ಡಿಎ ಹುಡುಗಿ ತನ್ನ ಮೊದಲ ಟಿಪ್ಪಣಿಯ ಕಥೆ ಹೇಳಿದ್ದಳು. ಅವಳಿಗೆ ಬಂದ ಟಪಾಲು ಒಬ್ಬ ಶಿಕ್ಷಕರ ವೈದ್ಯಕೀಯ ರಜೆಯ ಅರ್ಜಿ. ಪರೀಕ್ಷೆಗೆ ಮೌರ್ಯರಿಂದ ಹಿಡಿದು ಜಿಎಸ್‌ಟಿವರೆಗೆ ಓದಿದ್ದವಳಿಗೆ ರಜೆಯ ನಿಯಮ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಕಾಯಿಲೆಯ ವಿವರ, ಮನೆಯ ಕಷ್ಟ ಎಲ್ಲವನ್ನೂ ಸೇರಿಸಿ ಒಂದೂವರೆ ಪುಟ ಬರೆದು ಅಧೀಕ್ಷಕರ ಮುಂದಿಟ್ಟಳು. ಅವರು ಓದಿ, ಕನ್ನಡಕ ತೆಗೆದು ಹೇಳಿದರಂತೆ: “ನೋಡಮ್ಮ, ಚೆನ್ನಾಗಿ ಬರೆದಿದೀರ. ಆದ್ರೆ ನನಗೆ ಬೇಕಾದ್ದು ಮೂರು. ಅವರು ಕೇಳಿರೋದೇನು, ನಿಯಮ ಏನು ಹೇಳುತ್ತೆ, ನೀವೇನು ಹೇಳ್ತೀರ. ಒಂದೊಂದಕ್ಕೂ ಒಂದೊಂದು ಕಂಡಿಕೆ ಹಾಕಿ, ಪುಟ ಸಂಖ್ಯೆ ತೋರಿಸಿ, ಆದೇಶಕ್ಕಾಗಿ ಮಂಡಿಸಿದೆ ಅಂತ ಮುಗಿಸಿ.” ಆಮೇಲೆ ಅವರೇ ಬೀರುವಿನಿಂದ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ ಹಳೆಯ ಪ್ರತಿ ತೆಗೆದುಕೊಟ್ಟು, ರಜೆಯ ಭಾಗಕ್ಕೆ ಕಾಗದದ ಚೂರು ಸಿಕ್ಕಿಸಿದರಂತೆ. ಅವಳು ಹೇಳಿದ ಇನ್ನೊಂದು ಮಾತು: “ಸರ್ ಮುಂದಿನ ವರ್ಷ ರಿಟೈರ್ಡ್ ಆದ್ರು ಆಂಟಿ. ಆಮೇಲೆ ಬಂದವರಿಗೆ ಹೇಳಿಕೊಡೋರು ಯಾರೂ ಇಲ್ಲ, ನನ್ನನ್ನೇ ಕೇಳ್ತಾರೆ.”

ಅವಳ ಮಾತಿನಲ್ಲಿ ನಮ್ಮ ಕಚೇರಿಗಳ ಈ ಹೊತ್ತಿನ ಸ್ಥಿತಿಯೆಲ್ಲ ಇದೆ. ಗುಮಾಸ್ತಿಕೆ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಪಕ್ಕದಲ್ಲಿ ಕೂತು ಕಲಿಯುವಂಥದು. ಟಪಾಲು ಸ್ವೀಕರಿಸಿ ವಹಿಯಲ್ಲಿ ನಮೂದಿಸುವುದು, ಟಿಪ್ಪಣಿ ಹಾಳೆಯನ್ನೂ ಪತ್ರ ವ್ಯವಹಾರವನ್ನೂ ಬೇರೆಬೇರೆ ಇಟ್ಟು ಪುಟ ಹಾಕುವುದು, ಹಿಂದಿನ ಆದೇಶವನ್ನು ಹುಡುಕಿ ಜೊತೆಗಿಡುವುದು, ಮುಗಿದ ಕಡತವನ್ನು ವರ್ಗೀಕರಿಸಿ ಅಭಿಲೇಖಾಲಯಕ್ಕೆ ಕಳಿಸುವುದು, ಇವನ್ನೆಲ್ಲ ಒಂದು ತಲೆಮಾರು ಇನ್ನೊಂದಕ್ಕೆ ಕೈಹಿಡಿದು ಕಲಿಸುತ್ತಿತ್ತು. ವರ್ಷಗಟ್ಟಲೆ ನೇಮಕಾತಿ ನಿಂತಾಗ ಆ ಸರಪಳಿ ಕಡಿಯಿತು. ಹೊಸಬ ಬರುವ ಹೊತ್ತಿಗೆ ಹಳಬ ಇರುವುದಿಲ್ಲ. ಹುದ್ದೆ ಖಾಲಿ ಇರುವುದರ ನಷ್ಟವನ್ನು ನಾವು ಹುದ್ದೆಗಳ ಸಂಖ್ಯೆಯಲ್ಲಿ ಮಾತ್ರ ಎಣಿಸುತ್ತಿದ್ದೇವೆ. ಅದರ ಜೊತೆಗೆ ಎಷ್ಟು ತಿಳಿವಳಿಕೆ ಹೋಯಿತು ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ಆ ಖಾಲಿ ಜಾಗಗಳನ್ನು ತುಂಬಿರುವ ಹೊರಗುತ್ತಿಗೆ ಡಾಟಾ ಎಂಟ್ರಿ ನೌಕರರಿಗೆ ಎಷ್ಟೋ ಕಡೆ ಕೆಲಸ ಚೆನ್ನಾಗಿ ಗೊತ್ತು. ಕಾಯಂ ನೌಕರರಿಗೆ ಅವರೇ ಹೇಳಿಕೊಡುತ್ತಾರೆ, ಅವರಿಗಿಂತ ಎಷ್ಟೋ ಕಡಿಮೆ ಸಂಬಳಕ್ಕೆ. ಆ ಅನ್ಯಾಯಕ್ಕೆ ಪ್ರತ್ಯೇಕ ಲೇಖನವೇ ಬೇಕು.

ತರಬೇತಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆಯಿದೆ, ಅದರ ಕೆಳಗೆ ಜಿಲ್ಲಾ ತರಬೇತಿ ಸಂಸ್ಥೆಗಳಿವೆ, ಹೊಸಬರಿಗೆ ಬುನಾದಿ ತರಬೇತಿಯಿದೆ. ಅದರ ಸರದಿ ಬರುವುದು ಬಹಳ ಸಲ ಕುರ್ಚಿಯಲ್ಲಿ ಕೂತು ತಿಂಗಳುಗಳಾದ ಮೇಲೆ. ಅಷ್ಟರಲ್ಲಿ ಅಭ್ಯಾಸಗಳು ಬೇರೂರಿರುತ್ತವೆ, ಒಳ್ಳೆಯವೂ ಕೆಟ್ಟವೂ.

ಕೆಟ್ಟ ಅಭ್ಯಾಸ ಹುಟ್ಟುವುದು ಹೆಚ್ಚಾಗಿ ಭಯದಿಂದ ಎಂಬುದು ನಾನು ಕಂಡುಕೊಂಡದ್ದು. ನಿಯಮ ಗೊತ್ತಿಲ್ಲದವನಿಗೆ ಸಹಿ ಹಾಕಲು ಹೆದರಿಕೆ. ಹೆದರಿದವನು ಕಡತವನ್ನು “ಸ್ಪಷ್ಟೀಕರಣ ಕೋರಿ” ವಾಪಸು ಕಳಿಸುತ್ತಾನೆ, ಇಲ್ಲವೇ ಬೀರುವಿನಲ್ಲಿಡುತ್ತಾನೆ. ಕೌಂಟರಿನ ಆಚೆ ನಿಂತ ಕೆಂಗೇರಿ ಹೋಬಳಿಯ ರೈತನಿಗೋ ರಾಜಾಜಿನಗರದ ವಿಧವೆಗೋ ಅದು ಲಂಚಕ್ಕಾಗಿ ಮಾಡುವ ಸತಾವಣೆಯಂತೆ ಕಾಣುತ್ತದೆ. ಲಂಚಕ್ಕಾಗಿ ಸತಾಯಿಸುವವರೂ ಇದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಹೊಸಬರಲ್ಲಿ ಬಹುಮಂದಿ ಮೊದಲು ಅಜ್ಞಾನದಿಂದ ತಡ ಮಾಡುತ್ತಾರೆ. ತಡಕ್ಕೆ ಬೆಲೆಯಿದೆ ಎಂದು ಮಧ್ಯವರ್ತಿಗಳು ಅವರಿಗೆ ಆಮೇಲೆ ಕಲಿಸುತ್ತಾರೆ. 2012ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಕಾಯ್ದೆಯಲ್ಲಿ ತಡವಾದ ಸೇವೆಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೊಡಿಸುವ ಅವಕಾಶವಿದೆ. ಆ ಕಾಯ್ದೆಯ ಭಯ ಹಾಕುವ ಮೊದಲು ಅರ್ಜಿ ವಿಲೇವಾರಿ ಮಾಡುವ ಕ್ರಮ ಕಲಿಸಬೇಕಲ್ಲವೇ?

ಬ್ರಿಟನ್ನಿನಲ್ಲಿ ಶಿಫಾರಸಿನ ನೇಮಕ ಕೊನೆಗಾಣಿಸಿ ಸ್ಪರ್ಧಾತ್ಮಕ ಪರೀಕ್ಷೆ ತರಬೇಕೆಂದು ಹೇಳಿದ 1854ರ ನಾರ್ತ್‌ಕೋಟ್-ಟ್ರೆವೆಲ್ಯಾನ್ ವರದಿ, ಪರೀಕ್ಷೆಯ ಜೊತೆಗೇ ಪ್ರೊಬೇಷನ್ ಅವಧಿಯನ್ನೂ ಕೇಳಿತ್ತು. ಕೆಲಸ ಮಾಡಬಲ್ಲನೋ ಎಂಬುದು ಕೆಲಸದಲ್ಲೇ ತಿಳಿಯಬೇಕು ಎಂಬುದು ಅದರ ತರ್ಕ. ನಮ್ಮ ರಾಜ್ಯದ 1977ರ ಪ್ರೊಬೇಷನ್ ನಿಯಮಗಳಲ್ಲೂ ಆ ಅವಧಿ ಎರಡು ವರ್ಷಕ್ಕೆ ಕಡಿಮೆಯಿಲ್ಲ. ಆದೇಶಗಳಲ್ಲಿ ಖಾಯಂಪೂರ್ವ ಸೇವಾವಧಿ ಎನ್ನುವ ಇದು ತೃಪ್ತಿಕರವಾಗಿ ಮುಗಿಯಿತೆಂದು ಪ್ರತ್ಯೇಕ ಆದೇಶ ಹೊರಡಬೇಕು, ತಾನಾಗಿ ಮುಗಿಯುವುದಿಲ್ಲ. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು, ಅಕೌಂಟ್ಸ್, ಜನರಲ್ ಲಾ ಎಂಬ ಇಲಾಖಾ ಪರೀಕ್ಷೆಗಳನ್ನೂ ಬರೆಯಬೇಕು. ಕಾಗದದ ಮೇಲೆ ಇದು ಸೊಗಸಾದ ವ್ಯವಸ್ಥೆ. ನಡೆಯುವುದು ಬೇರೆ. ಎರಡು ವರ್ಷ ಕಳೆದ ಮೇಲೆ ನೌಕರನೇ ಅರ್ಜಿ ಕೊಟ್ಟು, ತನ್ನ ಖಾಯಂಪೂರ್ವ ಘೋಷಣೆಯ ಕಡತವನ್ನು ತಾನೇ ಬೆನ್ನಟ್ಟುತ್ತಾನೆ. ಆ ಎರಡು ವರ್ಷದಲ್ಲಿ ಅವನು ಏನು ಕಲಿತ ಎಂದು ಕೂತು ನೋಡುವವರಿಲ್ಲ.

ಇಲ್ಲಿ ಮಾಡಬಹುದಾದದ್ದು ದೊಡ್ಡ ಖರ್ಚಿನದೇನೂ ಅಲ್ಲ. ಅಂತಿಮ ಆಯ್ಕೆಪಟ್ಟಿಗೂ ನೇಮಕಾತಿ ಆದೇಶಕ್ಕೂ ನಡುವೆ ಹೇಗೂ ತಿಂಗಳುಗಳು ಕಳೆಯುತ್ತವೆ. ಪೊಲೀಸ್ ವಿಚಾರಣೆ, ಸಿಂಧುತ್ವ ನಡೆಯುತ್ತಿರುವಾಗಲೇ ಬುನಾದಿ ತರಬೇತಿ ಮುಗಿಸಿ, ಶಿಷ್ಯವೇತನ ಕೊಟ್ಟು, ಅದಾದ ಮೇಲೆ ಕುರ್ಚಿ ಕೊಡಬಹುದು. ಕಳೆದ ಐದು ವರ್ಷದಲ್ಲಿ ನಿವೃತ್ತರಾದ ಅಧೀಕ್ಷಕರು, ಶಿರಸ್ತೇದಾರರು ಇದೇ ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಉಪನಗರದ ಪಾರ್ಕುಗಳಲ್ಲಿ ಬೆಳಗ್ಗೆ ನಡೆದಾಡುತ್ತಿದ್ದಾರೆ. ಗೌರವಧನ ಕೊಟ್ಟು ತಿಂಗಳಿಗೆ ನಾಲ್ಕು ದಿನ ಕರೆದರೆ ಸಂತೋಷದಿಂದ ಬರುತ್ತಾರೆ. ನಾನು ಮಾತಾಡಿಸಿದವರಲ್ಲಿ ಬರುವುದಿಲ್ಲ ಎಂದವರು ಸಿಗಲಿಲ್ಲ. ಟಿಪ್ಪಣಿ ಬರೆಯುವುದನ್ನು ಕಡ್ಡಾಯ ಕನ್ನಡ ಪತ್ರಿಕೆಯಲ್ಲೇ ಒಂದು ಪ್ರಶ್ನೆಯಾಗಿ ಸೇರಿಸಬಹುದು. ಆಗ ಹಂಪಿನಗರದ ಮೇಜುಗಳ ಮೇಲೆ ಸೇವಾ ನಿಯಮಾವಳಿಯ ಪ್ರತಿಗಳೂ ಕಾಣಿಸಿಕೊಳ್ಳುತ್ತವೆ.

ಅನುಕಂಪದ ಆಧಾರದ ಮೇಲೆ ಸೇರುವವರಿಗಂತೂ ಇದು ಇನ್ನೂ ಹೆಚ್ಚು ಬೇಕು. 1996ರ ನಿಯಮದ ಕೆಳಗೆ, ನೌಕರಿಯಲ್ಲಿರುವಾಗಲೇ ತೀರಿಕೊಂಡವರ ಹೆಂಡತಿಗೋ ಮಕ್ಕಳಿಗೋ ಈ ನೇಮಕ ಸಿಗುತ್ತದೆ. 2021ರ ತಿದ್ದುಪಡಿಯ ನಂತರ ಮದುವೆಯಾದ ಹೆಣ್ಣುಮಕ್ಕಳಿಗೂ ಅವಕಾಶ ಸಿಕ್ಕಿದೆ. ಹೈಕೋರ್ಟು ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಇವರು ಯಾವ ಕೋಚಿಂಗಿಗೂ ಹೋದವರಲ್ಲ. ಗಂಡ ಕೂತಿದ್ದ ಇಲಾಖೆಯಲ್ಲೇ ಬಂದು ಕೂತು, ಅವನ ಸಹೋದ್ಯೋಗಿಗಳ ಅನುಕಂಪದ ನೋಟದ ನಡುವೆ, ನಲವತ್ತರ ವಯಸ್ಸಿನಲ್ಲಿ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿಯುವ ಹೆಣ್ಣುಮಕ್ಕಳಿದ್ದಾರೆ.

ಪ್ರಭಾರ ವಹಿಸಿಕೊಡುವ ವಿಷಯದಲ್ಲಿ ಒಂದು ಸುತ್ತೋಲೆ ಸಾಕು. ನಿವೃತ್ತಿಗೆ ಅಥವಾ ವರ್ಗಾವಣೆಗೆ ಮುನ್ನ ಪ್ರತಿಯೊಬ್ಬ ವಿಷಯ ನಿರ್ವಾಹಕನೂ ತನ್ನ ಸೀಟಿನ ಕೆಲಸವನ್ನು ಬರೆದಿಟ್ಟು ಹೋಗಬೇಕು: ಯಾವ ಯಾವ ಬಗೆಯ ಅರ್ಜಿ ಬರುತ್ತವೆ, ಒಂದೊಂದಕ್ಕೂ ಯಾವ ನಿಯಮ, ಯಾವ ಕಡತಕ್ಕೆ ಯಾವ ಗಡುವು, ಯಾರನ್ನು ಕೇಳಿದರೆ ಯಾವ ದಾಖಲೆ ಸಿಗುತ್ತದೆ. ಅಧೀಕ್ಷಕರು ಅದನ್ನು ಓದಿ ಸಹಿ ಹಾಕಿದ ಮೇಲಷ್ಟೇ ಬಿಡುಗಡೆ ಆದೇಶ. ಹತ್ತು ಪುಟ ಆಗಬಹುದು. ಹೊಸಬರು ಬಂದ ದಿನ ಹಾಜರಾತಿ ವಹಿಯ ಜೊತೆಗೆ ಆ ಹತ್ತು ಪುಟ ಕೈಗೆ ಸಿಗಬೇಕು, ಅದರ ಮೇಲೆ ಹಿಂದಿನವರ ಫೋನ್ ನಂಬರೂ ಇರಬೇಕು.